ದೃಶ್ಯಸಂದೇಶವೂ ಸೇನಬೋವನೂ

೧. ಪ್ರಸ್ತಾವ

ದೂರದಲ್ಲಿರುವವರಿಗೆ ಸಂದೇಶವನ್ನು ಕಳುಹಿಸುವ ಸಂದರ್ಭವು ಸಂಸ್ಕೃತ ಕನ್ನಡಗಳೆರಡರ ಕಾವ್ಯಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಅಂತಹ ಸ್ಥಳಗಳಲ್ಲಿ ಒಂದು ಶಂಕೆಯೂ ಅದಕ್ಕೊಂದು ಪರಿಹಾರವೂ ಇರುವುದುಂಟು. ಸಂದೇಶವನ್ನು ತಂದವನು ನಿಜವಾಗಿಯೂ ಪ್ರಿಯಜನರಿಂದ ಬಂದವನೆ, ಅಥವಾ ವೇಷಧಾರಿಯೆ ಎಂಬುದು ಶಂಕೆ. ಅಭಿಜ್ಞಾನವೆಂಬುದು ಪರಿಹಾರ. ಅಶೋಕವನದಲ್ಲಿ ಹನುಮಂತನು ರಾಮನಾಮಾಂಕಿತವಾದ ಉಂಗುರವನ್ನು ಸೀತೆಯ ಕೈಗಿತ್ತನು. ಹಿಂದಿರುಗುವಾಗ ಆಕೆಯಿಂದ ಚೂಡಾಮಣಿಯನ್ನು ಪಡೆದೊಯ್ದನು. ಉಂಗುರವು ದೂತನ ಅಧಿಕಾರಕ್ಕೆ ಸಾಕ್ಷಿ. ಚೂಡಾಮಣಿಯು ಸಂದೇಶವು ಮುಟ್ಟಿತೆಂಬುದಕ್ಕೆ ಸಾಕ್ಷಿ. ಮೇಘದೂತದ ಯಕ್ಷನೂ ತಮ್ಮಿಬ್ಬರಿಗೆ ಮಾತ್ರ ತಿಳಿದ ಒಂದು ಪ್ರಸಂಗವನ್ನು ಗುರುತಾಗಿ ಹೇಳಿಕಳುಹಿಸುತ್ತಾನೆ. ದೂತ, ಅಭಿಜ್ಞಾನ, ಪ್ರತಿಸಾಕ್ಷಿ ಎಂಬೀ ಮೂರು ಅಂಗಗಳಿದ್ದರೆ ಮಾತ್ರ ಸಂದೇಶವು ಪೂರ್ಣವೆನಿಸುತ್ತದೆ.

ಈಗ ಮುಖವನ್ನೂ ಧ್ವನಿಯನ್ನೂ ಒಟ್ಟಿಗೆ ಕೊಂಡೊಯ್ಯುವ ದೃಶ್ಯಸಂದೇಶವು ಎಲ್ಲರ ಕೈಯ ಫೋನಿನಲ್ಲಿಯೂ ಇದೆ. ಹೇಳುವವನ ಮುಖವೇ ಕಾಣುತ್ತಿರುವಾಗ ಅಭಿಜ್ಞಾನವೇಕೆ ಎಂದು ಕೆಲವರು ಕೇಳಬಹುದು. ಮುಖವನ್ನು ಕಾಣುವುದು ಮನುಷ್ಯನು. ಸಂದೇಶವನ್ನು ಒಯ್ಯುವ ಯಂತ್ರವು ಕಾಣುವುದು ಅಂಕಿಗಳನ್ನು ಮಾತ್ರ. ಆದುದರಿಂದ ಯಾರನ್ನು ಒಳಕ್ಕೆ ಬಿಡಬೇಕು, ಯಾರನ್ನು ಬಿಡಬಾರದು ಎಂಬುದನ್ನು ನಿರ್ಣಯಿಸಲು ಯಂತ್ರಕ್ಕೆ ಅಭಿಜ್ಞಾನವು ಮನುಷ್ಯನಿಗಿಂತಲೂ ಹೆಚ್ಚಾಗಿ ಬೇಕು.

ಒಂದು ವಿದ್ಯಾಸಂಸ್ಥೆಯು ತನ್ನದೇ ಆದ ಸರ್ವರಿನಲ್ಲಿ ನಡೆಯುವ ಕಾರ್ಯಕ್ರಮಕ್ಕೆ, ಅಂದರೆ ಅಪ್ಲಿಕೇಷನ್ನಿಗೆ, ಹೊರಗಿನ ದೃಶ್ಯಸಂದೇಶ ಸೇವೆಯನ್ನು ಜೋಡಿಸಿಕೊಳ್ಳುವ ಕ್ರಮವೇನು, ಆ ಜೋಡಣೆಯಲ್ಲಿ ಸರ್ವರಿನ ಧರ್ಮವೇನು ಎಂಬುದು ಈ ಲೇಖನದ ವಿಷಯ. ಯಂತ್ರಜ್ಞರಲ್ಲದ ವಿದ್ವಾಂಸರೂ ಸಾಹಿತ್ಯದ ಉಪಾಧ್ಯಾಯರೂ ಇಂತಹ ಏರ್ಪಾಡನ್ನು ಮಾಡಿಸುವಾಗ ಏನನ್ನು ಕೇಳಬೇಕು, ಯಾವುದನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳಬೇಕು ಎಂಬ ತಿಳಿವು ಇದರ ಪ್ರಯೋಜನ.

೨. ಉದಾಹರಣೆಯ ಕ್ಷೇತ್ರ

ವಿಷಯವನ್ನು ಬರಿಯ ಸೂತ್ರರೂಪವಾಗಿ ಹೇಳುವುದಕ್ಕಿಂತ ಒಂದು ಕ್ಷೇತ್ರಕ್ಕೆ ಅನ್ವಯಿಸಿ ಹೇಳುವುದು ಲೇಸು. ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆಗಳು ಇದಕ್ಕೆ ತಕ್ಕ ಸ್ಥಳಗಳು. ಬೇಲೂರಿನಲ್ಲಿ ವಿಷ್ಣುವರ್ಧನನು ಶಕವರ್ಷ ೧೦೩೯ರಲ್ಲಿ, ಎಂದರೆ ಕ್ರಿ. ಶ. ೧೧೧೭ರಲ್ಲಿ, ವಿಜಯನಾರಾಯಣನನ್ನು ಪ್ರತಿಷ್ಠೆಮಾಡಿಸಿದನು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು ಸುಮಾರು ೧೧೨೧ರದು. ಅರಸೀಕೆರೆಯ ಈಶ್ವರ ದೇವಾಲಯವು ಸುಮಾರು ೧೨೨೦ರದು. ಬೇಲೂರು ಹಳೇಬೀಡುಗಳ ದೇವಾಲಯಗಳು ಸೋಮನಾಥಪುರದ ದೇವಾಲಯದೊಡನೆ ೨೦೨೩ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ ೧೯೦೨ರಲ್ಲಿ ತಾಲ್ಲೂಕುವಾರಾಗಿ ಸಂಖ್ಯೆಯಿಟ್ಟು ಪ್ರಕಟಿಸಿದರು. ಅವರ ಸಂಪುಟವು ಹೊರಬಂದ ತರುವಾಯ, ೧೯೩೬ರಲ್ಲಿ, ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದಲ್ಲಿ ಎಂ. ಎಚ್. ಕೃಷ್ಣ ಅವರು ಕಂಡುಹಿಡಿದ ಶಾಸನವು ಕನ್ನಡದ ಚರಿತ್ರೆಯನ್ನೇ ಹಿಂದಕ್ಕೆ ಒಯ್ದುದು ಸರ್ವವಿದಿತ.

ಅಚ್ಚಾದ ಪಾಠದಲ್ಲಿ ಒಂದಕ್ಷರದ ಸಂದೇಹವು ಬಂದಾಗ ಶಿಲೆಯನ್ನೇ ನೋಡದೆ ಗತಿಯಿಲ್ಲ. ಆದರೆ ಶಿಲೆಯು ಹಳೇಬೀಡಿನಲ್ಲಿ, ಅದನ್ನು ಓದಬಲ್ಲ ವಿದ್ವಾಂಸರು ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಇರುತ್ತಾರೆ. ಹಲ್ಮಿಡಿಯ ಸಂಗತಿ ಇದಕ್ಕೆ ವಿಪರೀತ: ಮೂಲಶಿಲೆಯು ಮೈಸೂರಿಗೆ ಹೋಗಿದೆ, ಊರಿನಲ್ಲಿ ಅದರ ಪ್ರತಿಕೃತಿಯುಂಟು. ನೋಡುವ ಕಣ್ಣು ಒಂದೆಡೆ, ನೋಡಬೇಕಾದ ಕಲ್ಲು ಇನ್ನೊಂದೆಡೆ.

ಇಷ್ಟುಕಾಲ ಈ ಅಂತರವನ್ನು ಕಾಗದದ ಪಡಿಯಚ್ಚು ತುಂಬುತ್ತಿತ್ತು; ಈಗಲೂ ಅದಕ್ಕೆ ಬದಲಿಲ್ಲ. ಆದರೆ ಸವೆದ ಅಕ್ಷರವನ್ನು ನಿರ್ಣಯಿಸುವಾಗ ದೃಶ್ಯಕ್ಕೆ ಒಂದು ವಿಶೇಷ ಗುಣವಿದೆ. ದೀಪವನ್ನು ಶಿಲೆಯ ಪಕ್ಕದಿಂದ ಓರೆಯಾಗಿ ಹಿಡಿದು ಮೆಲ್ಲಗೆ ಸರಿಸಿದರೆ ಉಳಿಯ ಗೆರೆಯಲ್ಲಿ ನೆರಳು ಬಿದ್ದು ಅಕ್ಷರವು ಮೂಡುತ್ತದೆ. ಬರಿಯ ಸವೆತವಾದರೆ ನೆರಳಿನ ಅಂಚು ಚದರುತ್ತದೆ. ನಿಶ್ಚಲಚಿತ್ರದಲ್ಲಿ ಈ ಚಲನೆ ಸಿಕ್ಕುವುದಿಲ್ಲ. ಹಳೇಬೀಡಿನ ಒಬ್ಬ ಉಪಾಧ್ಯಾಯನು ಮೂರು ನಿಮಿಷಗಳ ಇಂತಹ ದೃಶ್ಯವನ್ನು ಕಳುಹಿಸಿ, ದೂರದ ವಿದ್ವಾಂಸನು ಅದನ್ನು ನೋಡಿ ಪಾಠನಿರ್ಣಯವನ್ನು ಹೇಳುವಂತೆ ಒಂದು ಸಂಸ್ಥೆಯು ಏರ್ಪಾಡು ಮಾಡಿಕೊಂಡಿದೆಯೆಂದು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಮುಂದಿನ ವಿಚಾರವೆಲ್ಲವೂ ಈ ಕಲ್ಪಿತ ಏರ್ಪಾಡನ್ನೇ ಅವಲಂಬಿಸಿ ನಡೆಯುತ್ತದೆ.

ಕ್ರಮವೇನೋ ಕಲ್ಪಿತವಲ್ಲ. ದೃಶ್ಯಸಂಪರ್ಕದ ಮೂಲಕ ಸಾಕ್ಷ್ಯವನ್ನು ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೩ರಲ್ಲಿಯೇ ತೀರ್ಪಿತ್ತಿತು. ಕೇಂದ್ರ ಸರಕಾರದ ಇ-ಸಂಜೀವಿನಿ ಎಂಬ ವೈದ್ಯಸೇವೆಯು ೨೦೧೯ರ ನವೆಂಬರಿನಲ್ಲಿ ಆರಂಭವಾಗಿ, ಗ್ರಾಮದ ಆರೋಗ್ಯಕೇಂದ್ರದಲ್ಲಿ ಕುಳಿತ ರೋಗಿಗೆ ದೂರದ ವೈದ್ಯರ ದರ್ಶನವನ್ನು ಒದಗಿಸಿತು. ಅಲ್ಲಿಯೂ ದೃಶ್ಯವು ಒಂದು ಅಂಗ ಮಾತ್ರ. ರೋಗಿಯ ವಿವರ, ಸರದಿ, ಔಷಧದ ಚೀಟಿ ಇವನ್ನು ನೋಡಿಕೊಳ್ಳುವುದು ಸರ್ವರಿನ ಕೆಲಸ.

೩. ಪಾರಿಭಾಷಿಕ ವಿಚಾರ

ಇಲ್ಲಿ ಪಾತ್ರಗಳು ಮೂರು. ಮೊದಲನೆಯದು, ಉಪಯೋಗಿಸುವವರ ಕೈಯಲ್ಲಿರುವ ಫೋನು ಅಥವಾ ಗಣಕದ ಬ್ರೌಸರು. ಎರಡನೆಯದು, ಸಂಸ್ಥೆಯ ಸ್ವಂತ ಸರ್ವರು. ಮೂರನೆಯದು, ದೃಶ್ಯವನ್ನು ಹೊತ್ತು ಮುಟ್ಟಿಸುವ ಹೊರಗಿನ ಸೇವೆ.

ಸರ್ವರೆಂಬ ಇಂಗ್ಲಿಷ್ ಶಬ್ದಕ್ಕೆ ಸೇವೆಮಾಡುವವನೆಂದು ಅರ್ಥ. ಈ ಶಬ್ದಾರ್ಥದಿಂದಲೇ ಒಂದು ಭ್ರಮೆ ಹುಟ್ಟುತ್ತದೆ. ದೃಶ್ಯವೆಲ್ಲವೂ ಸರ್ವರಿನ ತಲೆಯ ಮೇಲೆ ಹೊರೆಯಾಗಿ ಹೋಗುತ್ತದೆಯೆಂದು ಜನರು ತಿಳಿಯುತ್ತಾರೆ. ಸುವ್ಯವಸ್ಥಿತವಾದ ಜೋಡಣೆಯಲ್ಲಿ ಹಾಗಿಲ್ಲ. ಅದರ ಕೆಲಸಕ್ಕೆ ಹೊಂದುವ ಹೆಸರು ಹೊಯ್ಸಳರ ಶಾಸನಗಳಲ್ಲಿಯೇ ದೊರೆಯುತ್ತದೆ. ಅದು ಸೇನಬೋವ. ಶಾನುಭೋಗನೆಂಬ ಈಚಿನ ರೂಪವು ಇದರಿಂದಲೇ ಬಂದುದು. ೧೯೬೧ರ ಕಾಯಿದೆಯಿಂದ ಗ್ರಾಮದ ವಂಶಪಾರಂಪರ್ಯದ ಅಧಿಕಾರಗಳು ರದ್ದಾಗುವವರೆಗೂ ಶಾನುಭೋಗನು ಮೈಸೂರು ಸೀಮೆಯ ಊರೂರಿನಲ್ಲಿದ್ದನು. ಅವನು ನೇಗಿಲು ಹಿಡಿಯುತ್ತಿರಲಿಲ್ಲ, ಧಾನ್ಯವನ್ನು ಹೊರುತ್ತಿರಲಿಲ್ಲ. ಆದರೆ ಯಾವ ಹೊಲ ಯಾರದು, ಎಲ್ಲೆ ಎಲ್ಲಿಯದು, ಯಾರು ಏನು ಕೊಡಬೇಕು ಎಂಬುದೆಲ್ಲವೂ ಅವನ ಕಡತದಲ್ಲಿರುತ್ತಿತ್ತು. ಅವನ ಕಡತವು ತಪ್ಪಿದರೆ ಊರೇ ತಪ್ಪಿದಂತೆ.

ಪ್ರಕೃತ ಜೋಡಣೆಯಲ್ಲಿಯೂ ಸರ್ವರು ದೃಶ್ಯವನ್ನು ಹೊರುವುದಿಲ್ಲ. ಅಪ್ಪಣೆಯನ್ನು ಕೊಡುವುದು, ಕಡತವನ್ನು ಬರೆಯುವುದು ಎಂಬ ಎರಡೇ ಅದರ ಧರ್ಮ. ಹೊರುವ ಕೆಲಸ ಸೇವೆಯದು. ಈ ವಿಭಾಗವನ್ನು ಮರೆಯುವುದರಿಂದಲೇ ಜೋಡಣೆಯ ದೋಷಗಳಲ್ಲಿ ಬಹುಪಾಲು ಹುಟ್ಟುತ್ತವೆ.

೪. ಸಾಕ್ಷಾತ್ ಸಂಭಾಷಣೆ

ದೃಶ್ಯಸಂದೇಶವು ಎರಡು ವಿಧ. ಇಬ್ಬರೂ ಏಕಕಾಲದಲ್ಲಿ ಎದುರುಬದುರಾಗಿ ಮಾತನಾಡುವುದು ಸಾಕ್ಷಾತ್ ಸಂಭಾಷಣೆ. ಒಬ್ಬನು ಈಗ ಚಿತ್ರಿಸಿ ಕಳುಹಿಸಿ, ಮತ್ತೊಬ್ಬನು ತನಗೆ ಬಿಡುವಾದಾಗ ನೋಡುವುದು ದಾಖಲಿಸಿದ ಸಂದೇಶ.

ಮೊದಲನೆಯದಕ್ಕೆ ಆಧಾರವಾದುದು ವೆಬ್‌ಆರ್‌ಟಿಸಿ ಎಂಬ ಕ್ರಮ. ಇದನ್ನು ಗೂಗಲ್ ಕಂಪನಿಯು ೨೦೧೧ರಲ್ಲಿ ಸರ್ವರಿಗೂ ತೆರೆದಿಟ್ಟಿತು. ೨೦೨೧ರ ಜನವರಿಯಲ್ಲಿ ಇದು ಅಂತರ್ಜಾಲದ ಅಧಿಕೃತ ಪ್ರಮಾಣವಾಯಿತು. ಇದು ಬ್ರೌಸರಿನಲ್ಲಿಯೇ ಅಡಕವಾಗಿರುವುದರಿಂದ ಬೇರೆ ಸಾಮಗ್ರಿಯು ಬೇಕಿಲ್ಲ. ಇದರ ನಡೆ ಹೀಗೆ: ಇಬ್ಬರ ಯಂತ್ರಗಳೂ ಮೊದಲು ತಮ್ಮ ತಮ್ಮ ಶಕ್ತಿಯನ್ನು ವಿವರಿಸುವ ಒಂದೊಂದು ಬರೆಹವನ್ನು ವಿನಿಮಯ ಮಾಡಿಕೊಳ್ಳುತ್ತವೆ. ತಾನು ಯಾವ ರೀತಿಯಲ್ಲಿ ದೃಶ್ಯವನ್ನು ಸಂಕ್ಷೇಪಿಸಬಲ್ಲೆ, ಧ್ವನಿಯನ್ನು ಯಾವ ರೂಪದಲ್ಲಿ ಕಳುಹಿಸಬಲ್ಲೆ ಎಂಬ ವಿವರ ಅದರಲ್ಲಿರುತ್ತದೆ. ಇಬ್ಬರಿಗೂ ಸಮಾನವಾದ ಭಾಷೆಯು ಗೊತ್ತಾದ ಮೇಲೆ ಮಾತು ಆರಂಭವಾಗುತ್ತದೆ.

ಮುಂದಿನ ತೊಡಕು ವಿಳಾಸದ್ದು. ಮನೆಯ ಅಥವಾ ಶಾಲೆಯ ಒಳಗಿನ ಯಂತ್ರಕ್ಕೆ ಒಳವಿಳಾಸವಿರುತ್ತದೆಯೇ ಹೊರತು ಹೊರಗಿನವರು ಕಾಣುವ ವಿಳಾಸವು ಅದಕ್ಕೆ ತಿಳಿದಿರುವುದಿಲ್ಲ. ಸ್ಟನ್ ಎಂಬ ಸಹಾಯಕಯಂತ್ರವು ಕನ್ನಡಿಯಂತೆ ನಿಂತು, ಹೊರಗಿನಿಂದ ನೋಡಿದರೆ ನಿನ್ನ ವಿಳಾಸವು ಹೀಗೆ ಕಾಣುತ್ತದೆಯೆಂದು ತಿಳಿಸುತ್ತದೆ. ಅಷ್ಟರಿಂದಲೂ ನೇರದಾರಿಯು ತೆರೆಯದಿದ್ದರೆ ಟರ್ನ್ ಎಂಬ ಇನ್ನೊಂದು ಯಂತ್ರವು ನಡುವೆ ನಿಂತು ಇತ್ತಣದನ್ನು ಅತ್ತ ಸಾಗಿಸುತ್ತದೆ. ಅರಸೀಕೆರೆಯ ಜಂಕ್ಷನ್ನನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬೆಂಗಳೂರು ಹುಬ್ಬಳ್ಳಿಗಳ ದಾರಿಗೆ ಹಾಸನ ಮೈಸೂರುಗಳ ದಾರಿಯು ಅಲ್ಲಿ ಕೂಡುತ್ತದೆ. ನೇರವಾದ ಗಾಡಿಯಿಲ್ಲದವನು ಅಲ್ಲಿ ಇಳಿದು ಗಾಡಿಯನ್ನು ಬದಲಾಯಿಸುತ್ತಾನೆ. ಹೊತ್ತು ಹೆಚ್ಚು ಹಿಡಿದರೂ ಊರನ್ನು ಸೇರುತ್ತಾನೆ. ಟರ್ನ್ ಯಂತ್ರವಿಲ್ಲದೆ ಮಾಡಿದ ಏರ್ಪಾಡು ನಗರದ ಪರೀಕ್ಷೆಯಲ್ಲಿ ಚೆನ್ನಾಗಿ ನಡೆದು ಕಾಲೇಜಿನ ಬಿಗಿಯಾದ ಜಾಲದೊಳಗೆ ನಿಂತುಹೋಗುವುದಕ್ಕೆ ಕಾರಣವಿದೇ.

ಜನರು ಹೆಚ್ಚಿದಾಗ ಇನ್ನೊಂದು ಗಣಿತವು ಅಡ್ಡಬರುತ್ತದೆ. ಮೂವತ್ತು ಜನರ ತರಗತಿಯಲ್ಲಿ ಪ್ರತಿಯೊಬ್ಬನೂ ಉಳಿದ ೨೯ ಜನರಿಗೂ ತನ್ನ ದೃಶ್ಯವನ್ನು ನೇರವಾಗಿ ಕಳುಹಿಸುವುದಾದರೆ ಪ್ರವಾಹಗಳ ಸಂಖ್ಯೆ ೮೭೦ ಆಗುತ್ತದೆ. ಯಾವ ಫೋನೂ ಇದನ್ನು ತಾಳಲಾರದು. ಆದುದರಿಂದ ಸೇವೆಯು ನಡುವೆ ಒಂದು ವಿತರಣಯಂತ್ರವನ್ನಿಡುತ್ತದೆ. ಪ್ರತಿಯೊಬ್ಬನೂ ಒಂದೇ ಪ್ರವಾಹವನ್ನು ಅದಕ್ಕೆ ಕೊಡುತ್ತಾನೆ, ಅದು ಬೇಕಾದವರಿಗೆ ಹಂಚುತ್ತದೆ. ಸೇವೆಗೆ ಹಣವನ್ನು ತೆರುವುದು ಮುಖ್ಯವಾಗಿ ಈ ಕೆಲಸಕ್ಕಾಗಿ. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ವೆಬ್‌ಆರ್‌ಟಿಸಿಯಲ್ಲಿ ದೃಶ್ಯವು ಯಾವಾಗಲೂ ಗೂಢಲಿಪಿಯಲ್ಲಿಯೇ ಸಾಗುವುದಾದರೂ, ವಿತರಣಯಂತ್ರವಿದ್ದಲ್ಲಿ ಆ ಗೂಢಲಿಪಿಯು ಸಾಮಾನ್ಯವಾಗಿ ಆ ಯಂತ್ರದವರೆಗೆ ಮಾತ್ರ. ಅಲ್ಲಿ ಅದು ಬಿಚ್ಚಲ್ಪಟ್ಟು ಮತ್ತೆ ಮುಚ್ಚಲ್ಪಡುತ್ತದೆ. ತುದಿಯಿಂದ ತುದಿಗೆ ಮುಚ್ಚಿರುವ ವಿಶೇಷ ಏರ್ಪಾಡು ಇದೆಯೆ ಎಂದು ಸೇವೆಯವರನ್ನು ಸ್ಪಷ್ಟವಾಗಿ ಕೇಳಿ ತಿಳಿಯತಕ್ಕದ್ದು.

೫. ಅಭಿಜ್ಞಾನ: ಟೋಕನ್ನಿನ ಸ್ವರೂಪ

ಸೇವೆಯೊಡನೆ ಒಪ್ಪಂದವಾದೊಡನೆ ಸಂಸ್ಥೆಗೆ ಒಂದು ಗುಪ್ತಕೀಲಿಯು ದೊರೆಯುತ್ತದೆ. ಅದೊಂದು ದೀರ್ಘವಾದ ಅಕ್ಷರಮಾಲೆ. ಅದುಳ್ಳವನು ಸಂಸ್ಥೆಯ ಹೆಸರಿನಲ್ಲಿ ಸಭೆಯನ್ನು ತೆರೆಯಬಲ್ಲನು, ದೃಶ್ಯವನ್ನು ಅಳಿಸಬಲ್ಲನು, ಖರ್ಚನ್ನು ಏರಿಸಬಲ್ಲನು. ಇದು ಅರಸನ ಮುದ್ರೆಗೆ ಸಮಾನ. ಇದು ಸರ್ವರಿನಲ್ಲಿ ಮಾತ್ರ ಇರತಕ್ಕದ್ದು. ಬ್ರೌಸರಿಗೆ ಕಳುಹಿಸುವ ಬರೆಹದಲ್ಲಿ ಇದನ್ನು ಸೇರಿಸಿದರೆ ಮುದ್ರೆಯನ್ನು ಸಂತೆಯಲ್ಲಿ ತೂಗಹಾಕಿದಂತೆ. ಬ್ರೌಸರಿಗೆ ಬಂದುದೆಲ್ಲವನ್ನೂ ನೋಡಬಲ್ಲವರು ಬಹಳ ಮಂದಿ.

ಹಾಗಾದರೆ ಉಪಾಧ್ಯಾಯನು ಸೇವೆಯ ಬಾಗಿಲಲ್ಲಿ ಏನನ್ನು ತೋರಿಸಬೇಕು? ಅವನಿಗಾಗಿ ಸರ್ವರು ಒಂದು ಟೋಕನ್ನನ್ನು ಬರೆದುಕೊಡುತ್ತದೆ. ೨೦೧೫ರಲ್ಲಿ ಪ್ರಮಾಣೀಕೃತವಾದ ಜೆಡಬ್ಲ್ಯುಟಿ ಎಂಬ ರೂಪದಲ್ಲಿ ಇದಕ್ಕೆ ಮೂರು ಭಾಗಗಳು, ನಡುವೆ ಬಿಂದುಗಳು. ಮೊದಲ ಭಾಗವು ಮುದ್ರೆಯ ವಿಧಾನವನ್ನು ಹೇಳುತ್ತದೆ. ಎರಡನೆಯ ಭಾಗದಲ್ಲಿ ಒಕ್ಕಣೆಯುಂಟು: ಕೊಟ್ಟವರಾರು, ಯಾರಿಗೆ ಕೊಟ್ಟಿದೆ, ಯಾವ ಸಭೆಗೆ ಪ್ರವೇಶ, ಬರಿಯ ನೋಟವೋ ಮಾತನಾಡುವ ಅಧಿಕಾರವೂ ಉಂಟೋ, ಯಾವ ಹೊತ್ತಿನವರೆಗೆ. ಮೂರನೆಯ ಭಾಗವು ಮುದ್ರೆ. ಮೊದಲೆರಡು ಭಾಗಗಳನ್ನು ಗುಪ್ತಕೀಲಿಯೊಡನೆ ಒಂದು ನಿಯತವಾದ ಗಣಿತದಲ್ಲಿ ಕಡೆದಾಗ ಬರುವ ಫಲವೇ ಅದು. ಒಕ್ಕಣೆಯಲ್ಲಿ ಒಂದಕ್ಷರವನ್ನು ತಿದ್ದಿದರೂ ಫಲವು ಬೇರೆಯಾಗಿ ಮುದ್ರೆಯು ಕೂಡುವುದಿಲ್ಲ.

ಶಾಸನವನ್ನು ಬಲ್ಲವರಿಗೆ ಈ ರಚನೆಯು ಹೊಸದಲ್ಲ. ದಾನಶಾಸನದಲ್ಲಿಯೂ ಕೊಟ್ಟವನು, ಕೊಂಡವನು, ಭೂಮಿಯ ಎಲ್ಲೆ, ಶಕವರ್ಷ ಸಂವತ್ಸರ ತಿಥಿವಾರಗಳು ಕ್ರಮವಾಗಿ ಬರುತ್ತವೆ; ತಾಮ್ರಪಟಕ್ಕೆ ರಾಜಮುದ್ರೆಯ ಉಂಗುರವಿರುತ್ತದೆ. ಸಾದೃಶ್ಯವು ಮೂರು ಅಂಶಗಳಲ್ಲಿ ಉಪಯುಕ್ತವಾಗಿದೆ.

ಒಂದು: ಶಿಲಾಶಾಸನವನ್ನು ಯಾರಾದರೂ ಓದಬಹುದು; ಅದರ ಬಲವಿರುವುದು ಪ್ರಾಮಾಣ್ಯದಲ್ಲಿ. ಈ ಟೋಕನ್ನೂ ಹಾಗೆಯೇ. ಅದರ ಒಕ್ಕಣೆಯು ವಿಚಿತ್ರವಾದ ಅಕ್ಷರಗಳಾಗಿ ಕಂಡರೂ ಅದು ಗೂಢಲಿಪಿಯಲ್ಲ, ಕೇವಲ ಲಿಪ್ಯಂತರ. ಆದುದರಿಂದ ವಿದ್ಯಾರ್ಥಿಯ ಫೋನಿನ ಸಂಖ್ಯೆ ಮುಂತಾದ ಗುಟ್ಟುಗಳನ್ನು ಅದರಲ್ಲಿ ಬರೆಯಬಾರದು.

ಎರಡು: ಕೂಟಶಾಸನಗಳ ವಿಚಾರ. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಕೃತ್ರಿಮವೆಂದು ಜೆ. ಎಫ್. ಫ್ಲೀಟ್ ಅವರು ವಾದಿಸಿದಾಗ ಲಿಪಿಯ ರೂಪವನ್ನೂ ಕಾಲಗಣನೆಯನ್ನೂ ಆಧಾರವಾಗಿ ಹಿಡಿದರು. ಟೋಕನ್ನಿನಲ್ಲಿಯೂ ಮುದ್ರೆ, ಕಾಲ ಎರಡನ್ನೂ ಪರೀಕ್ಷಿಸಬೇಕು. ಶಕವರ್ಷವು ಕ್ರಿ. ಶ. ೭೮ರಿಂದ ಎಣಿಕೆಯಾಗುವಂತೆ ಟೋಕನ್ನಿನ ಕಾಲವು ೧೯೭೦ರ ಜನವರಿ ೧ರ ಗ್ರೀನಿಚ್ ಮಧ್ಯರಾತ್ರಿಯಿಂದ ಸೆಕೆಂಡುಗಳಲ್ಲಿ ಎಣಿಕೆಯಾಗುತ್ತದೆ. ಸರ್ವರಿನ ಗಡಿಯಾರವು ಐದು ನಿಮಿಷ ಹಿಂದೆಬಿದ್ದರೆ, ಐದು ನಿಮಿಷಗಳ ಅವಧಿಗೆಂದು ಕೊಟ್ಟ ಟೋಕನ್ನು ಹುಟ್ಟುವಾಗಲೇ ಸತ್ತಿರುತ್ತದೆ. ಕಾರಣವು ಗಡಿಯಾರದಲ್ಲಿದೆಯೆಂದು ತಿಳಿಯದೆ ಜನರು ಬೇರೆಲ್ಲ ಕಡೆಯೂ ಹುಡುಕುತ್ತಾರೆ.

ಮೂರು: ಇಲ್ಲಿ ಸಾದೃಶ್ಯವು ಮುರಿಯುತ್ತದೆ, ಮುರಿಯುವುದನ್ನು ತಿಳಿಯುವುದೂ ಮುಖ್ಯ. ಶಾಸನದ ದಾನವು ಆಚಂದ್ರಾರ್ಕವಾಗಿ ನಡೆಯಲೆಂದು ಕೊಟ್ಟುದು. ಟೋಕನ್ನಾದರೋ ಅಲ್ಪಾಯುವಾಗಿರಬೇಕು. ಹತ್ತು ನಿಮಿಷಗಳಲ್ಲಿ ಪ್ರವೇಶಿಸುವವನಿಗೆ ಒಂದು ವರ್ಷದ ಅಪ್ಪಣೆಯನ್ನು ಕೊಟ್ಟರೆ, ಅದನ್ನು ಕದ್ದವನಿಗೂ ಅಷ್ಟೇ ಕಾಲದ ಅಪ್ಪಣೆಯನ್ನು ಕೊಟ್ಟಂತಾಗುತ್ತದೆ. ಅಪ್ಪಣೆಯು ಅಲ್ಪಕಾಲಿಕ, ಕಡತವು ದೀರ್ಘಕಾಲಿಕ ಎಂಬುದು ಸರ್ವರಿನ ಸೇನಬೋವಿಕೆಯ ಸಾರ.

೬. ದಾಖಲಿಸಿದ ಸಂದೇಶ

ಮಲೆನಾಡಿನ ಅಂಚಿನ ಗ್ರಾಮಗಳಲ್ಲಿ ಜಾಲದ ಬಲವು ಒಂದೇ ಸಮನಾಗಿ ಇರುವುದಿಲ್ಲ. ಅಂತಹ ಕಡೆ ಸಾಕ್ಷಾತ್ ಸಂಭಾಷಣೆಗಿಂತ ದಾಖಲಿಸಿದ ಸಂದೇಶವೇ ಮೇಲು. ಶಿಲೆಯ ದೃಶ್ಯವನ್ನು ಫೋನಿನಲ್ಲಿ ಚಿತ್ರಿಸಿ, ಜಾಲವು ದೊರೆತಾಗ ಕಳುಹಿಸಬಹುದು. ನೋಡುವವನು ನಿಲ್ಲಿಸಿ, ಹಿಂದಕ್ಕೆ ಸರಿಸಿ, ನಾಲ್ಕು ಸಲ ನೋಡಬಹುದು.

ಇದರ ಕ್ರಮವು ಐದು ಹೆಜ್ಜೆಗಳಲ್ಲಿ ಮುಗಿಯುತ್ತದೆ. ಉಪಾಧ್ಯಾಯನು ತನ್ನ ಹೆಸರು, ಶಾಸನದ ಸಂಖ್ಯೆ, ಸ್ಥಳ, ಸಂದೇಹವಿರುವ ಪಂಕ್ತಿ ಇವುಗಳನ್ನು ತುಂಬಿ ಸರ್ವರಿಗೆ ತಿಳಿಸುವುದು ಮೊದಲನೆಯದು. ಸರ್ವರು ಅವನ ಅಧಿಕಾರವನ್ನು ಪರೀಕ್ಷಿಸಿ, ಕಡತದಲ್ಲಿ ಹೊಸ ಸಂಖ್ಯೆಯನ್ನು ಬರೆದು, ಗುಪ್ತಕೀಲಿಯಿಂದ ಸೇವೆಯನ್ನು ಕೇಳಿ, ಒಂದು ಸಲಕ್ಕೆ ಮಾತ್ರ ಸಲ್ಲುವ ವಿಳಾಸವನ್ನು ಪಡೆದುಕೊಡುವುದು ಎರಡನೆಯದು. ಫೋನು ಆ ವಿಳಾಸಕ್ಕೆ ದೃಶ್ಯವನ್ನು ನೇರವಾಗಿ ಏರಿಸುವುದು ಮೂರನೆಯದು. ಸೇವೆಯು ಅದನ್ನು ಹಲವು ಗಾತ್ರಗಳಲ್ಲಿ ಸಿದ್ಧಪಡಿಸುವುದು ನಾಲ್ಕನೆಯದು. ಮಂದವಾದ ಜಾಲವುಳ್ಳವನಿಗೆ ಕಿರಿದು, ಬಲವಾದ ಜಾಲವುಳ್ಳವನಿಗೆ ಹಿರಿದು. ಸಿದ್ಧವಾಯಿತೆಂಬ ವರ್ತಮಾನವನ್ನು ಸೇವೆಯು ಸರ್ವರಿಗೆ ಕಳುಹಿಸುವುದು ಐದನೆಯದು.

ದೃಶ್ಯವು ಸರ್ವರಿನ ಮೂಲಕ ಹಾಯದೆ ನೇರವಾಗಿ ಹೋಗುವುದರ ಪ್ರಯೋಜನವನ್ನು ಲೆಕ್ಕದಿಂದ ತಿಳಿಯಬಹುದು. ಸೆಕೆಂಡಿಗೆ ೧೦ ಲಕ್ಷ ಬಿಟ್ಟುಗಳ ದೃಶ್ಯವು ಮೂರು ನಿಮಿಷಗಳಿಗೆ ೧೮ ಕೋಟಿ ಬಿಟ್ಟುಗಳಾಗುತ್ತದೆ. ಎಂಟರಿಂದ ಭಾಗಿಸಿದರೆ ೨೨.೫ ಮೆಗಾಬೈಟು. ನಲವತ್ತು ಶಾಲೆಗಳು ಒಂದೇ ಮಧ್ಯಾಹ್ನ ಒಂದೊಂದನ್ನು ಕಳುಹಿಸಿದರೆ ೯೦೦ ಮೆಗಾಬೈಟು. ಇದನ್ನು ಸಣ್ಣ ಸರ್ವರೊಂದು ಮೊದಲು ತಾನು ಕೊಂಡು, ಮತ್ತೆ ಸೇವೆಗೆ ಕೊಡುವುದಾದರೆ ಹೊರೆಯು ಇಮ್ಮಡಿಯಾಗಿ ಉಳಿದ ಕೆಲಸಗಳೆಲ್ಲವೂ ಸ್ತಬ್ಧವಾಗುತ್ತವೆ. ಸೇನಬೋವನು ಮೂಟೆಯನ್ನು ಹೊರಲು ಹೋದರೆ ಕಡತವನ್ನು ಬರೆಯುವವರಿರುವುದಿಲ್ಲ.

ಏರಿಸುವಾಗ ಜಾಲವು ಕಡಿದುಹೋದರೆ ಮೊದಲಿನಿಂದ ಆರಂಭಿಸುವ ಕಷ್ಟವೂ ಉಂಟು. ದೃಶ್ಯವನ್ನು ಐದೈದು ಮೆಗಾಬೈಟುಗಳ ತುಂಡುಗಳಾಗಿ ಮಾಡಿದರೆ ಮೇಲಿನ ದೃಶ್ಯಕ್ಕೆ ಐದು ತುಂಡುಗಳಾಗುತ್ತವೆ. ಮೂರು ಮುಟ್ಟಿದ ಮೇಲೆ ಕಡಿದರೆ ನಾಲ್ಕನೆಯದರಿಂದ ಮುಂದುವರಿಸಿದರೆ ಸಾಕು. ಬಸ್ಸಿನಲ್ಲಿ ಕುಳಿತು ಹಳೇಬೀಡಿನಿಂದ ಬೇಲೂರಿಗೆ ಹೋಗುವ ಉಪಾಧ್ಯಾಯನಿಗೆ ಈ ಸೌಲಭ್ಯವು ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ಅಂತರವಿದೆ.

೭. ಪ್ರತಿಸಾಕ್ಷಿ: ವರ್ತಮಾನದ ವಿಚಾರ

ಐದನೆಯ ಹೆಜ್ಜೆಯ ವರ್ತಮಾನಕ್ಕೆ ಯಂತ್ರಜ್ಞರು ವೆಬ್‌ಹುಕ್ ಎನ್ನುತ್ತಾರೆ. ಇದೇ ಚೂಡಾಮಣಿಯ ಸ್ಥಾನದಲ್ಲಿರುವುದು. ಸರ್ವರು ಮತ್ತೆ ಮತ್ತೆ ಹೋಗಿ ಕೆಲಸವಾಯಿತೆ ಎಂದು ಕೇಳದೆ, ಆದಾಗ ಸೇವೆಯೇ ಬಂದು ತಿಳಿಸುವುದು ಇದರ ಗುಣ. ಇದರಲ್ಲಿ ಮೂರು ಎಚ್ಚರಗಳು ಬೇಕು.

ಮೊದಲನೆಯದು, ತಂದವನು ಸೇವೆಯೇ ಹೌದೆ ಎಂಬ ಪರೀಕ್ಷೆ. ವರ್ತಮಾನವು ಬರುವ ವಿಳಾಸವು ಬಯಲಿನಲ್ಲಿರುವುದರಿಂದ ಬೇರೆ ಯಾರಾದರೂ ಸುಳ್ಳು ವರ್ತಮಾನವನ್ನು ಕಳುಹಿಸಬಹುದು. ಆದುದರಿಂದ ಅದರ ಮುದ್ರೆಯನ್ನು ಕೂಡಿಸಿ ನೋಡದೆ ಒಪ್ಪಬಾರದು. ಎರಡನೆಯದು, ಪುನರುಕ್ತಿಯ ಪರಿಹಾರ. ಮುಟ್ಟಿತೆಂಬ ಉತ್ತರವು ಬಾರದಿದ್ದರೆ ಸೇವೆಯು ಅದೇ ವರ್ತಮಾನವನ್ನು ಎರಡನೆಯ ಸಲ, ಮೂರನೆಯ ಸಲ ಕಳುಹಿಸುತ್ತದೆ. ಪ್ರತಿಯೊಂದು ಸಲವೂ ಹೊಸದೆಂದು ಬರೆದುಕೊಂಡರೆ ಒಂದೇ ಶಾಸನಕ್ಕೆ ಎರಡು ಸಂಖ್ಯೆಗಳನ್ನಿಟ್ಟಂತೆ ಕಡತವು ಕೆಡುತ್ತದೆ. ವರ್ತಮಾನದ ಸಂಖ್ಯೆಯನ್ನು ಗುರುತಿಟ್ಟು, ಹಿಂದೆ ಕಂಡುದಾದರೆ ಸುಮ್ಮನಿರುವುದು ಪರಿಹಾರ. ಮೂರನೆಯದು, ಬಾರದ ವರ್ತಮಾನ. ಸರ್ವರು ನಿಂತಿದ್ದ ಹೊತ್ತಿನಲ್ಲಿ ಬಂದುದು ತಪ್ಪಿಹೋಗಬಹುದು. ಆದ್ದರಿಂದ ದಿನಕ್ಕೊಮ್ಮೆ ಕಡತದಲ್ಲಿ ಅಪೂರ್ಣವಾಗಿ ನಿಂತಿರುವುದನ್ನು ಹುಡುಕಿ ಸೇವೆಯನ್ನು ತಾನೇ ವಿಚಾರಿಸತಕ್ಕದ್ದು.

೮. ಆಕ್ಷೇಪವೂ ಸಮಾಧಾನವೂ

ಇಷ್ಟೆಲ್ಲ ಶ್ರಮವೇಕೆ? ಎಲ್ಲರ ಫೋನಿನಲ್ಲಿಯೂ ಸಿದ್ಧವಾದ ದೃಶ್ಯಸಾಧನಗಳಿರುವಾಗ ಉಪಾಧ್ಯಾಯನು ವಿದ್ವಾಂಸನಿಗೆ ನೇರವಾಗಿ ಕಳುಹಿಸಿದರೆ ಸಾಲದೆ? ಇದು ಬಲವಾದ ಆಕ್ಷೇಪ. ಒಂದೆರಡು ಸಲದ ಮಾತಾದರೆ ಅದೇ ಸರಿಯಾದ ದಾರಿ. ಜೋಡಣೆಯ ಗೋಜು ಬೇಡ.

ಆದರೆ ವಿದ್ಯೆಯ ಕೆಲಸವು ಒಂದೆರಡು ಸಲದ್ದಲ್ಲ. ಹಳೇಬೀಡಿನ ಒಂದು ಕಲ್ಲಿನ ಏಳನೆಯ ಪಂಕ್ತಿಯ ಅಕ್ಷರವನ್ನು ಒಬ್ಬ ವಿದ್ವಾಂಸನು ಹೀಗೆಂದು ಓದಿದನು, ಇನ್ನೊಬ್ಬನು ಹಾಗೆಂದನು, ಯಾವ ಬೆಳಕಿನಲ್ಲಿ ಯಾವ ದಿನ ನೋಡಿದುದು, ಕಡೆಗೆ ಯಾವುದು ನಿಂತಿತು ಎಂಬ ಚರಿತ್ರೆಯು ಉಳಿದರೆ ಮಾತ್ರ ಮುಂದಿನವನಿಗೆ ಪ್ರಯೋಜನ. ಇಬ್ಬರ ಫೋನುಗಳಲ್ಲಿ ಹುದುಗಿದ ಸಂಭಾಷಣೆಯು ಫೋನಿನೊಡನೆ ಹೋಗುತ್ತದೆ. ೧೯೦೨ರ ಸಂಪುಟವು ಇಂದಿಗೂ ಉಪಯೋಗಕ್ಕೆ ಬರುವುದು ಪ್ರತಿಯೊಂದು ಶಾಸನಕ್ಕೂ ಅದರಲ್ಲಿ ಸ್ಥಳವೂ ಸಂಖ್ಯೆಯೂ ಇರುವುದರಿಂದ.

ಸೇವೆಯು ಶಾಶ್ವತವೆಂಬ ಭರವಸೆಯೂ ಇಲ್ಲ. ೨೦೦೩ರಲ್ಲಿ ಹುಟ್ಟಿ ಲೋಕವೆಲ್ಲ ಹಬ್ಬಿದ್ದ ಸ್ಕೈಪ್ ೨೦೨೫ರ ಮೇ ತಿಂಗಳಿನಲ್ಲಿ ಮುಚ್ಚಿತು. ಸರ್ವರುಗಳಿಗೆ ಜೋಡಿಸುವುದಕ್ಕಾಗಿಯೇ ದೃಶ್ಯಸೇವೆಯನ್ನು ಮಾರುವ ಟ್ವಿಲಿಯೋ ಕಂಪನಿಯು ಅದನ್ನು ನಿಲ್ಲಿಸುವುದಾಗಿ ೨೦೨೩ರ ಡಿಸೆಂಬರಿನಲ್ಲಿ ಪ್ರಕಟಿಸಿತು, ಗಡುವನ್ನು ಮುಂದೂಡಿತು, ೨೦೨೪ರಲ್ಲಿ ಆ ನಿರ್ಧಾರವನ್ನೇ ಹಿಂದೆಗೆದುಕೊಂಡಿತು. ಅಷ್ಟರೊಳಗೆ ಅದನ್ನು ನಂಬಿದವರು ಬೇರೆ ಆಸರೆಯನ್ನು ಹುಡುಕಬೇಕಾಯಿತು. ಒಂಬತ್ತುನೂರು ವರ್ಷಗಳ ಕಲ್ಲಿನ ಓದನ್ನು ಇಪ್ಪತ್ತೆರಡು ವರ್ಷವೂ ತುಂಬದ ಸೇವೆಯೊಂದರ ವಶಕ್ಕೆ ಬಿಡುವುದು ವಿವೇಕವಲ್ಲ.

ಇದಕ್ಕೆ ಮೂರು ಉಪಾಯಗಳನ್ನು ಹೇಳಬಹುದು. ಸೇವೆಯೊಡನೆ ಮಾತನಾಡುವ ಭಾಗವನ್ನು ಕಾರ್ಯಕ್ರಮದ ಮೂಲೆಮೂಲೆಗೆ ಹರಡದೆ ಒಂದೇ ಪದರದಲ್ಲಿ ಇಡುವುದು ಮೊದಲನೆಯದು. ಸೇವೆಯು ಬದಲಾದರೆ ಆ ಪದರವೊಂದನ್ನೇ ಬದಲಾಯಿಸಿದರಾಯಿತು. ಸಿದ್ಧವಾದ ದೃಶ್ಯದ ಪ್ರತಿಯೊಂದನ್ನು ಸಂಸ್ಥೆಯ ಸ್ವಂತ ಭಂಡಾರಕ್ಕೆ ಇಳಿಸಿಕೊಂಡು, ಅದರ ಜೊತೆಗೆ ಪಾಠನಿರ್ಣಯವನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆದಿಡುವುದು ಎರಡನೆಯದು. ದೃಶ್ಯದ ರೂಪವು ಹಳತಾದರೂ ಬರೆಹವು ಉಳಿಯುತ್ತದೆ. ಶಕ್ತಿಯುಳ್ಳ ಸಂಸ್ಥೆಯು ಹೊರಗಿನ ಸೇವೆಗೆ ಬದಲಾಗಿ ಜಿಟ್ಸಿ, ಬಿಗ್‌ಬ್ಲೂಬಟನ್ ಮೊದಲಾದ ಮುಕ್ತತಂತ್ರಾಂಶಗಳನ್ನು ತಾನೇ ನಡೆಸುವುದು ಮೂರನೆಯದು. ಇವುಗಳಲ್ಲಿ ಎರಡನೆಯದು ಕೆನಡಾ ದೇಶದ ಕಾರ್ಲ್‌ಟನ್ 
ವಿಶ್ವವಿದ್ಯಾನಿಲಯದಲ್ಲಿ ೨೦೦೭ರಲ್ಲಿ ಪಾಠಪ್ರವಚನಕ್ಕೆಂದೇ ಆರಂಭವಾದುದು. ಆದರೆ ನಡೆಸುವ ಆಳಿಲ್ಲದೆ ಇದಕ್ಕೆ ಕೈಹಾಕಿದರೆ ಹೊರಗಿನ ಸೇವೆಗಿಂತಲೂ ಬೇಗ ನಿಂತುಹೋಗುವುದುಂಟು.

ಕಡೆಯದಾಗಿ ವಿದ್ಯಾರ್ಥಿಗಳ ವಿಚಾರ. ಶಿಲೆಯ ದೃಶ್ಯದಲ್ಲಿ ದೀಪ ಹಿಡಿದ ಹುಡುಗನ ಮುಖವೂ ಬರುತ್ತದೆ, ಧ್ವನಿಯೂ ಬರುತ್ತದೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು ಹದಿನೆಂಟು ವರ್ಷ ತುಂಬದವರ ವಿವರಗಳನ್ನು ಬಳಸುವುದಕ್ಕೆ ತಂದೆತಾಯಿಗಳ ಪ್ರಮಾಣಿತವಾದ ಒಪ್ಪಿಗೆಯನ್ನು ವಿಧಿಸುತ್ತದೆ. ಈ ಒಪ್ಪಿಗೆಯನ್ನೂ ಕಡತದಲ್ಲಿ ಬರೆಯಬೇಕು. ಅದನ್ನು ಹಿಂದೆಗೆದುಕೊಂಡಾಗ ದೃಶ್ಯವನ್ನು ಸೇವೆಯಲ್ಲಿಯೂ ಭಂಡಾರದಲ್ಲಿಯೂ ಅಳಿಸುವ ಏರ್ಪಾಡು ಇರಬೇಕು. ಮುಖಗಳನ್ನು ಬಿಟ್ಟು ಕಲ್ಲನ್ನು ಮಾತ್ರ ಚಿತ್ರಿಸಬೇಕೆಂಬ ನಿಯಮವು ಇದಕ್ಕಿಂತಲೂ ಸುಲಭ.

೯. ಉಪಸಂಹಾರ

ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಶಿಲ್ಪಗಳ ಕೆಳಗೆ ತಮ್ಮ ಹೆಸರುಗಳನ್ನು ಬರೆದಿಟ್ಟಿದ್ದಾರೆ. ಹೊಯ್ಸಳರ ಕಾಲದ ಹಲವು ಶಾಸನಗಳ ಕಡೆಯಲ್ಲಿ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆಯಾಗಿ ಬರುತ್ತವೆ. ಯಾರ ಕೆಲಸ ಯಾವುದೆಂಬುದು ಆ ಕಾಲದವರಿಗೆ ಸ್ಪಷ್ಟವಾಗಿತ್ತು; ಅದನ್ನು ಅವರು ಕಲ್ಲಿನಲ್ಲಿಯೇ ನಿಲ್ಲಿಸಿದರು.

ದೃಶ್ಯಸಂದೇಶದ ಜೋಡಣೆಯಲ್ಲಿಯೂ ಬೇಕಾದುದು ಇದೇ ಸ್ಪಷ್ಟತೆ. ಹೊರುವವನು ಬೇರೆ, ಅಪ್ಪಣೆ ಕೊಡುವವನು ಬೇರೆ. ಹೊರುವ ಕೆಲಸವನ್ನು ಹಣ ಕೊಟ್ಟು ಹೊರಗಿನವರಿಗೆ ವಹಿಸಬಹುದು. ನಾಳೆ ಅವರನ್ನು ಬಿಟ್ಟು ಬೇರೆಯವರನ್ನು ಹಿಡಿಯಲೂಬಹುದು. ಗುಪ್ತಕೀಲಿಯನ್ನೂ ಕಡತವನ್ನೂ ಮಾತ್ರ ಯಾರಿಗೂ ವಹಿಸಲಾಗದು. ಇಂತಹ ಏರ್ಪಾಡನ್ನು ಮಾಡಿಸುವ ವಿದ್ವಾಂಸರು ಯಂತ್ರದ ಒಳಮರ್ಮಗಳನ್ನೆಲ್ಲ ತಿಳಿಯಬೇಕಾದುದಿಲ್ಲ. ಕೀಲಿಯು ಎಲ್ಲಿದೆ, ಕಡತವು ಯಾರ ಬಳಿ ಇದೆ, ಸೇವೆಯು ನಾಳೆ ನಿಂತರೆ ಏನು ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೆಲಸವು ಆರಂಭವಾಗುವ ಮೊದಲೇ ಕೇಳಿ, ಉತ್ತರವನ್ನು ಬರೆದು ಪಡೆದರೆ ಸಾಕು.